ವೈಮಾನಿಕರೂ ಮಲೇರಿಯ ನಿರೋಧಕ ಔಷಧಗಳೂ: ಒಂದು ಚಾರಿತ್ರಿಕ ಸಮೀಕ್ಷೆ

ಔಷಧಗಳ ಚರಿತ್ರೆಯನ್ನು ರೋಗಿಯ ದೃಷ್ಟಿಯಿಂದ ಬರೆಯುವುದು ವಾಡಿಕೆ. ಆದರೆ ಆರೋಗ್ಯವಂತನು ರೋಗ ಬಾರದಿರಲೆಂದು ಸೇವಿಸುವ ಔಷಧಕ್ಕೆ ಬೇರೊಂದು ಅಳತೆಗೋಲು ಬೇಕಾಗುತ್ತದೆ. ಸೇವಿಸುವವನು ವಿಮಾನಚಾಲಕನಾದರೆ ಆ ಅಳತೆ ಇನ್ನೂ ಕಠಿನವಾದುದು. ಏಕೆಂದರೆ ಅವನ ಕಣ್ಣು, ಕಿವಿ, ವಿವೇಚನೆಗಳನ್ನು ನಂಬಿ ಅನೇಕರ ಪ್ರಾಣಗಳಿರುತ್ತವೆ. ಮಲೇರಿಯ ನಿರೋಧಕಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಿಂಕೋನ ಮರದ ತೊಗಟೆಯಿಂದ ಕ್ವಿನೈನನ್ನು ಪೆಲ್ಟಿಯೆ ಮತ್ತು ಕವಾಂತು ಎಂಬ ಫ್ರೆಂಚ್ ವಿಜ್ಞಾನಿಗಳು 1820ರಲ್ಲಿ ಬೇರ್ಪಡಿಸಿದರು. ಶತಮಾನಕ್ಕೂ ಮಿಗಿಲಾಗಿ ಅದೇ ಮುಖ್ಯ ಆಶ್ರಯವಾಗಿದ್ದಿತು. ಆದರೆ ಪ್ರಮಾಣ ಹೆಚ್ಚಿದಾಗ ಕಿವಿಗಳಲ್ಲಿ ಮೊರೆತ, ತಲೆಸುತ್ತು, ದೃಷ್ಟಿಮಾಂದ್ಯಗಳು ತೋರುತ್ತಿದ್ದುವು. ಇವು ವೈಮಾನಿಕನಿಗೆ ಸಹಿಸಲಾಗದ ದೋಷಗಳೆಂಬುದು ಸ್ಪಷ್ಟ. 1942ರಲ್ಲಿ ಜಾವಾ ದ್ವೀಪವು ಜಪಾನೀಯರ ವಶವಾದಾಗ, ಜಗತ್ತಿನ ಕ್ವಿನೈನಿನಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಮಿತ್ರರಾಷ್ಟ್ರಗಳಿಗೆ ದುರ್ಲಭವಾಯಿತು.

ಆಗ ಮುನ್ನೆಲೆಗೆ ಬಂದುದು ಜರ್ಮನಿಯಲ್ಲಿ 1930ರ ದಶಕದ ಆದಿಯಲ್ಲಿ ಸಿದ್ಧವಾಗಿದ್ದ ಮೆಪಾಕ್ರಿನ್. ಅದು ಚರ್ಮವನ್ನು ಹಳದಿಗೊಳಿಸುತ್ತಿದ್ದುದರಿಂದ ಸೈನಿಕರು ಅದನ್ನು ನುಂಗಲು ಹಿಂಜರಿದರು. ಇದರ ಶಕ್ತಿಯನ್ನು ನಿರ್ಣಯಿಸಲು ಆಸ್ಟ್ರೇಲಿಯದ ಕೆಯರ್ನ್ಸ್‌ನಲ್ಲಿ ನೀಲ್ ಹ್ಯಾಮಿಲ್ಟನ್ ಫೇರ್ಲಿಯವರು 1943ರಿಂದ ಪ್ರಯೋಗಗಳನ್ನು ನಡೆಸಿದರು. ಸ್ವಯಂಸೇವಕರಾದ ಸೈನಿಕರನ್ನು ಸೋಂಕಿದ ಸೊಳ್ಳೆಗಳಿಂದ ಕಚ್ಚಿಸಿ, ಅವರನ್ನು ಕಠಿನ ಶ್ರಮ, ಶೀತ, ಉನ್ನತ ಆಕಾಶದಲ್ಲಿರುವಂಥ ಪ್ರಾಣವಾಯುವಿನ ಕೊರತೆ ಇವುಗಳಿಗೆ ಒಳಪಡಿಸಲಾಯಿತು. ದಿನಕ್ಕೆ 100 ಮಿಲಿಗ್ರಾಂ ಮೆಪಾಕ್ರಿನ್ ಕ್ರಮವಾಗಿ ಸೇವಿಸಿದವರಲ್ಲಿ ಜ್ವರ ತಲೆಯೆತ್ತಲಿಲ್ಲ. ಔಷಧದ ಸಾಮರ್ಥ್ಯಕ್ಕಿಂತ ಸೇವನೆಯ ಶಿಸ್ತೇ ನಿರ್ಣಾಯಕವೆಂಬುದು ಇದರಿಂದ ಸ್ಥಾಪಿತವಾಯಿತು.

ಯುದ್ಧಾನಂತರ ಮೆಪಾಕ್ರಿನ್‌ನ ಸ್ಥಾನವನ್ನು, ವಾರಕ್ಕೊಮ್ಮೆ ಸೇವಿಸಬಹುದಾದ ಕ್ಲೋರೋಕ್ವಿನ್ ಆಕ್ರಮಿಸಿತು. ಆದರೆ 1950ರ ದಶಕದ ಕೊನೆಗೆ ಥೈಲೆಂಡ್-ಕಾಂಬೋಡಿಯ ಗಡಿಯಲ್ಲಿಯೂ ಕೊಲಂಬಿಯದಲ್ಲಿಯೂ ಅದಕ್ಕೆ ಮಣಿಯದ ರೋಗಾಣುಗಳು ಕಾಣಿಸಿಕೊಂಡುವು. ಇತ್ತ ನಾಗರಿಕ ವಿಮಾನಯಾನವು ಹೊಸ ತೊಡಕನ್ನೊಡ್ಡಿತು. ಸಿಬ್ಬಂದಿಯು ಉಷ್ಣವಲಯದ ಊರಿನಲ್ಲಿ ಒಂದೇ ರಾತ್ರಿ ತಂಗಿ ಮರಳುತ್ತದೆ. ಜ್ವರವಾದರೋ ಕಚ್ಚಿದ ಏಳು ದಿನಗಳಿಗೆ ಮೊದಲು ಸಾಮಾನ್ಯವಾಗಿ ತೋರದು. ಆ ವೇಳೆಗೆ ರೋಗಿಯು ಮಲೇರಿಯವಿಲ್ಲದ ದೇಶದಲ್ಲಿದ್ದು, ವೈದ್ಯನು ಅದನ್ನು ಫ್ಲೂ ಎಂದು ಭ್ರಮಿಸುವ ಅಪಾಯವುಂಟು. ಮರಳಿದ ಮೇಲೂ ನಾಲ್ಕು ವಾರ ಕ್ಲೋರೋಕ್ವಿನ್ ಮುಂದುವರಿಸಬೇಕಾದುದರಿಂದ, ಪದೇ ಪದೇ ಹೋಗಿಬರುವವರಿಗೆ ಔಷಧಸೇವನೆ ಮುಗಿಯುವುದೇ ಇಲ್ಲ.

ಅಮೆರಿಕದ ಸೈನಿಕ ಸಂಶೋಧನೆಯಿಂದ ಬಂದ ಮೆಫ್ಲೋಕ್ವಿನ್‌ಗೆ ಆ ದೇಶದಲ್ಲಿ 1989ರಲ್ಲಿ ಅನುಮತಿ ದೊರೆಯಿತು. ಆದರೆ ತಲೆಸುತ್ತು, ಸಮತೋಲನದ ನಷ್ಟ, ಮನಃಕ್ಲೇಶಗಳ ಕಾರಣ ಅದು ವಿಮಾನಚಾಲಕರಿಗೆ ಸಲ್ಲದೆಂದು ತೀರ್ಮಾನವಾಯಿತು. ಈ ಲಕ್ಷಣಗಳಲ್ಲಿ ಕೆಲವು ಔಷಧವನ್ನು ಬಿಟ್ಟ ಮೇಲೂ ಉಳಿಯಬಹುದೆಂದು 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ತೀವ್ರ ಎಚ್ಚರಿಕೆಯನ್ನಿತ್ತಿತು. ಅದೇ ದೇಶದಲ್ಲಿ 2000ದಲ್ಲಿ ಅಂಗೀಕೃತವಾದ ಅಟೊವಕ್ವೋನ್-ಪ್ರೊಗ್ವಾನಿಲ್ ಮಿಶ್ರಣವು ಯಕೃತ್ತಿನಲ್ಲಿರುವ ರೋಗಾಣುವನ್ನೂ ನಾಶಮಾಡುವುದರಿಂದ, ಮರಳಿದ ಬಳಿಕ ಏಳು ದಿನ ಸೇವಿಸಿದರೆ ಸಾಕು.

ಹಾರಾಟದ ಶ್ರಮವು ಔಷಧವನ್ನು ಸೋಲಿಸುವುದೇ ಎಂಬ ಪ್ರಶ್ನೆ ಕೆಯರ್ನ್ಸ್‌ನಲ್ಲಿ ಪರೀಕ್ಷೆಗೆ ಬಂದಿತು. ಔಷಧವೇ ಹಾರಾಟವನ್ನು ಸೋಲಿಸುವುದೇ ಎಂಬುದು ಮೆಫ್ಲೋಕ್ವಿನ್ ಎತ್ತಿದ ಪ್ರಶ್ನೆ. ಎರಡಕ್ಕೂ ಸಮಾಧಾನ ನೀಡಬಲ್ಲ ಔಷಧವೇ ವೈಮಾನಿಕನಿಗೆ ಯೋಗ್ಯವಾದುದು. ಅಂಥದಿದ್ದರೂ ಸೊಳ್ಳೆಪರದೆಯ ಅಗತ್ಯ ತಪ್ಪದು; ಜ್ವರದಿಂದ ಬಂದವನನ್ನು ಎಲ್ಲೆಲ್ಲಿ ತಂಗಿದ್ದೆಯೆಂದು ವೈದ್ಯನು ಮೊದಲು ಕೇಳುವ ಕರ್ತವ್ಯವೂ ತಪ್ಪದು.