ಅಡೆಗಲ್ಲಿನ ಮೇಲಿನ ಮೂರು ಅಂಕಿಗಳು

ಕಮ್ಮಾರನ ಕುಲುಮೆಯಲ್ಲಿ ಎಲ್ಲವೂ ಸವೆದುಹೋಗುವ ವಸ್ತುಗಳೇ. ತಿದಿಯ ತೊಗಲು ಹರಿಯುತ್ತದೆ, ಸುತ್ತಿಗೆಯ ಕಾವು ಮುರಿಯುತ್ತದೆ, ಇಕ್ಕುಳದ ಬಾಯಿ ಸಡಿಲುತ್ತದೆ. ಅಜ್ಜನ ಕೈಯಿಂದ ಮೊಮ್ಮಗನ ಕೈಗೆ ಹೆಚ್ಚು ಮಾರ್ಪಾಡಿಲ್ಲದೆ ದಾಟಿ ಬರುವುದು ಅಡೆಗಲ್ಲು. ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಈ ಪೀಠ ತಾನೂ ಕಬ್ಬಿಣದ್ದೇ ಆದರೂ ನಮ್ಮ ನುಡಿ ಅದನ್ನು ಇನ್ನೂ ಕಲ್ಲೆಂದೇ ಕರೆಯುತ್ತದೆ. ಲೋಹದ ಕೆಲಸದ ಮೊದಮೊದಲ ದಿನಗಳಲ್ಲಿ ಅದು ನಿಜವಾಗಿ ಕಲ್ಲೇ ಆಗಿತ್ತು.

ಇಲ್ಲಿ ನಾನು ಹೇಳಹೊರಟಿರುವುದು ಇಂಗ್ಲೆಂಡಿನಲ್ಲಿ ತಯಾರಾಗಿ, ಹಡಗನ್ನೇರಿ ಅಮೆರಿಕದ ಹೊಲಮನೆಗಳವರೆಗೂ ಹೋದ ಅಡೆಗಲ್ಲುಗಳ ವಿಚಾರ. ಆ ದೇಶಗಳಲ್ಲಿ ಕುದುರೆ ಹೋಗಿ ಮೋಟಾರು ಬಂದ ಮೇಲೆ ಹಳ್ಳಿಯ ಕುಲುಮೆಗಳು ಒಂದೊಂದಾಗಿ ತಣ್ಣಗಾದವು. ಅಡೆಗಲ್ಲು ಕೊಟ್ಟಿಗೆಯ ಮೂಲೆ ಸೇರಿತು. ಇಂದು ಅದನ್ನು ಕೊಳ್ಳುವವರಿದ್ದಾರೆ. ಅಲ್ಲಿ ಪೌಂಡಿಗಿಷ್ಟು ಎಂದು ಬೆಲೆ ಕಟ್ಟುವುದುಂಟು. ಕಮ್ಮಾರನ ಮಕ್ಕಳೋ ಮೊಮ್ಮಕ್ಕಳೋ ಧೂಳು ಒರೆಸಿ ನೋಡಿದಾಗ ಪಕ್ಕದ ಸೊಂಟದ ಮೇಲೆ ಬಿಡಿಬಿಡಿಯಾಗಿ ಮೂರು ಅಂಕಿಗಳು ಕಾಣುತ್ತವೆ: 1, 3, 8. ನೂರ ಮೂವತ್ತೆಂಟು ಪೌಂಡು ಎಂದು ಓದಿ ಕೊಟ್ಟುಬಿಟ್ಟರೆ ಅರವತ್ತಾರು ಪೌಂಡು ಕಬ್ಬಿಣವನ್ನು ಪುಕ್ಕಟೆಯಾಗಿ ಕೊಟ್ಟಂತೆ.

ಏಕೆಂದರೆ ಆ ಅಂಕಿಗಳು ಇಂಗ್ಲೆಂಡಿನ ಹಂಡ್ರೆಡ್‌ವೇಟ್ ಪದ್ಧತಿಯವು. ಹೆಸರಿನಲ್ಲಿ ನೂರಿದ್ದರೂ ಅದರ ತೂಕ 112 ಪೌಂಡು. ಹದಿನಾಲ್ಕು ಪೌಂಡಿಗೆ ಒಂದು ‘ಸ್ಟೋನ್’; ಅಂಥ ಎಂಟು ಸೇರಿದರೆ ಒಂದು ಹಂಡ್ರೆಡ್‌ವೇಟ್. ನೂರೆಂದರೆ ನೂರ ಹನ್ನೆರಡು ಎನ್ನುವುದು ವಿಚಿತ್ರವೆನಿಸಬಹುದು. ಆದರೆ 1958ರಿಂದ ಮೆಟ್ರಿಕ್ ತೂಕಗಳು ಜಾರಿಗೆ ಬರುವ ಮುನ್ನ ಊರಿಗೊಂದು ಸೇರು, ಸೀಮೆಗೊಂದು ಮಣ ಎಂದು ಬಾಳಿದ ನಾವು ಇದಕ್ಕೆ ನಗುವಂತಿಲ್ಲ. ಮೊದಲ ಅಂಕಿ ಪೂರ್ತಿ ಹಂಡ್ರೆಡ್‌ವೇಟುಗಳನ್ನು ಹೇಳುತ್ತದೆ. ನಡುವಣದು ಕಾಲುಭಾಗಗಳನ್ನು, ಎಂದರೆ 28 ಪೌಂಡುಗಳ ಲೆಕ್ಕವನ್ನು. ಕೊನೆಯದು ಉಳಿದ ಬಿಡಿ ಪೌಂಡುಗಳನ್ನು. ಹಾಗಾಗಿ 1, 3, 8 ಎಂದರೆ 112, ಅದರ ಮೇಲೆ 84, ಅದರ ಮೇಲೆ 8. ಒಟ್ಟು 204 ಪೌಂಡು, ನಮ್ಮ ಈಗಿನ ಲೆಕ್ಕದಲ್ಲಿ ತೊಂಬತ್ತೆರಡೂವರೆ ಕಿಲೋಗ್ರಾಂ.

ಈ ಲೆಕ್ಕದೊಳಗೇ ಒಂದು ಕಾವಲೂ ಇದೆ. ನಡುವಿನ ಅಂಕಿ ಮೂರನ್ನು ಮೀರಲಾರದು. ಕೊನೆಯದು ಇಪ್ಪತ್ತೇಳನ್ನು ಮೀರಲಾರದು. ನಡುವೆ ಐದೋ ಏಳೋ ಕಂಡರೆ ಅದು ಈ ಪದ್ಧತಿಯದಲ್ಲವೆಂದು ತಿಳಿಯಬೇಕು. ಅಮೆರಿಕದ ತಯಾರಕರು ನೇರವಾಗಿ ಪೌಂಡುಗಳಲ್ಲೇ ತೂಕವನ್ನು ಕೊರೆದರು, ಸ್ವೀಡನ್ನಿನವರು ಕಿಲೋಗಳಲ್ಲಿ. ನ್ಯೂಜೆರ್ಸಿಯ ಟ್ರೆಂಟನ್ನಿನ ಫಿಷರ್ ಕಾರ್ಖಾನೆಯ ಅಡೆಗಲ್ಲಿನ ಪಾದದ ಮೇಲೆ 15 ಎಂದಿದ್ದರೆ ಅದು 150 ಪೌಂಡು. ಬ್ರೂಕ್ಲಿನ್ನಿನ ಹೇ-ಬಡನ್‌ನವರದಾದರೆ ಪಾದದ ಮೇಲೆ ಉದ್ದವಾದ ಇನ್ನೊಂದು ಸಂಖ್ಯೆಯೂ ಇರುತ್ತದೆ. ಅದು ತೂಕವೂ ಅಲ್ಲ, ಇಸವಿಯೂ ಅಲ್ಲ, ತಯಾರಿಕೆಯ ಕ್ರಮಸಂಖ್ಯೆ. ಆದರೆ ವಯಸ್ಸು ತಿಳಿಯುವುದು ಅದರಿಂದಲೇ. ಇಂಥ ಸಂಖ್ಯೆಗಳನ್ನೂ ಮುದ್ರೆಗಳನ್ನೂ ವರ್ಷಗಟ್ಟಲೆ ಕಲೆಹಾಕಿ, 1998ರಲ್ಲಿ ‘ಆನ್ವಿಲ್ಸ್ ಇನ್ ಅಮೆರಿಕ’ ಎಂಬ ದಪ್ಪ ಗ್ರಂಥವಾಗಿ ಪ್ರಕಟಿಸಿದವರು ರಿಚರ್ಡ್ ಪೋಸ್ಟ್‌ಮನ್. ಈ ವಿಷಯದಲ್ಲಿ ಇಂದು ಯಾರೇ ಮಾತನಾಡಿದರೂ ಅವರ ಋಣದಲ್ಲಿಯೇ ಮಾತನಾಡುತ್ತಾರೆ.

ಇಂಗ್ಲಿಷ್ ಅಡೆಗಲ್ಲಿಗೆ ಹೀಗೆ ಕ್ರಮಸಂಖ್ಯೆಯ ಆಸರೆ ಇಲ್ಲ. ಅದರ ವಯಸ್ಸನ್ನು ಮೈಯಿಂದಲೇ ಓದಬೇಕು, ಕಾಲವನ್ನು ಹೇಳದ ಶಾಸನವನ್ನು ನಮ್ಮ ವಿದ್ವಾಂಸರು ಅಕ್ಷರಗಳ ತಿರುವಿನಿಂದ ಕಾಲನಿರ್ಣಯ ಮಾಡುವಂತೆ. ಹಳೆಯವು ಗಿಡ್ಡ, ಕೊಂಬು ಮೊಂಡು, ಹಿಮ್ಮಡಿ ಇಲ್ಲವೆನ್ನುವಷ್ಟು ಚಿಕ್ಕದು. ಕಾಲ ಕಳೆದಂತೆ ಸೊಂಟ ಸಣ್ಣದಾಯಿತು, ಕೊಂಬೂ ಹಿಮ್ಮಡಿಯೂ ಚಾಚಿಕೊಂಡವು. ಮುಖದ ಮೇಲಿನ ತೂತುಗಳನ್ನೂ ನೋಡಬೇಕು. ಉಪಕರಣ ಸಿಕ್ಕಿಸುವ ಚೌಕತೂತು ಹಳೆಯದು. ಲಾಳಕ್ಕೆ ಮೊಳೆಯ ಕಂಡಿ ಹೊಡೆಯಲು ನೆರವಾಗುವ ಸಣ್ಣ ದುಂಡುತೂತು ಸಾಮಾನ್ಯವಾದದ್ದು 1830ರ ಆಸುಪಾಸಿನಲ್ಲಿ. ಅದಿಲ್ಲದ ಅಡೆಗಲ್ಲು ಅದಕ್ಕೂ ಹಿಂದಿನದಿರಬಹುದು. ಇದ್ದ ಮಾತ್ರಕ್ಕೆ ಈಚಿನದೆನ್ನಲೂ ಆಗದು. ಅವಶ್ಯವೆನಿಸಿದ ಕಮ್ಮಾರ ಹಳೆಯ ಅಡೆಗಲ್ಲಿಗೂ ಆಮೇಲೆ ತೂತು ಕೊರೆದಿರಬಹುದಲ್ಲವೆ?

ಅಕ್ಷರಗಳು ಉಳಿದಿದ್ದರೆ ದಾರಿ ಸುಗಮ. ಷೆಫೀಲ್ಡಿನ ಬಳಿ ರಿವೆಲಿನ್ ಹೊಳೆಯ ನೀರಿನ ಬಲದಿಂದ ನಡೆದ ಮೌಸ್‌ಹೋಲ್ ಕುಲುಮೆ, ಡಡ್ಲಿಯ ಪೀಟರ್ ರೈಟ್, ಇವು ಎಲ್ಲೆಡೆ ಸಿಗುವ ಹೆಸರುಗಳು. ತಯಾರಕನ ಹೆಸರಿನ ಜೊತೆಗೆ ‘ಇಂಗ್ಲೆಂಡ್’ ಎಂಬ ಮಾತಿದ್ದರೆ ಅದು ಬಹುಪಾಲು 1891ರ ಈಚಿನದು. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು 1890ರ ಮೆಕಿನ್ಲಿ ಸುಂಕದ ಕಾಯಿದೆ ವಿಧಿಸಿತು; ಆ ಕಟ್ಟಳೆ ಮರುವರ್ಷ ಜಾರಿಗೆ ಬಂತು. ದೂರದ ವಾಷಿಂಗ್‌ಟನ್ನಿನ ಸುಂಕದ ಜಗಳ ಡಡ್ಲಿಯ ಕಬ್ಬಿಣದ ಮೇಲೆ ತಾರೀಖು ಬರೆದುಹೋಯಿತು! ಆ ಮಾತು ಇಲ್ಲದಿದ್ದರೆ ಮಾತ್ರ ಅವಸರ ಪಡಬಾರದು. ಕಾಯಿದೆ ಅಮೆರಿಕಕ್ಕೆ ಹೋಗುವ ಸರಕಿನದು; ಬೇರೆ ದೇಶಕ್ಕೆ ಹೋದದ್ದರ ಮೇಲೆ ಆ ಹೆಸರನ್ನು ಕೊರೆಯಬೇಕೆಂಬ ನಿರ್ಬಂಧವನ್ನು ಅದು ಹೇರಲಿಲ್ಲ.

ಸವೆತವನ್ನು ನಂಬಿ ವಯಸ್ಸು ಹೇಳುವವರನ್ನು ನಾನು ನಂಬುವುದಿಲ್ಲ. ಮುಖ ತಗ್ಗಿದೆ, ಅಂಚು ಉದುರಿದೆ, ಆದ್ದರಿಂದ ಇನ್ನೂರು ವರ್ಷದ್ದು ಎನ್ನುವುದು ದುಡಿಮೆಯನ್ನು ಕಾಲವೆಂದು ತಪ್ಪಾಗಿ ಓದಿದಂತೆ. ಗಿರಾಕಿ ತುಂಬಿದ ಪೇಟೆಯ ಕುಲುಮೆಯಲ್ಲಿ ಇಪ್ಪತ್ತು ವರ್ಷಗಳಲ್ಲಿ ಆಗುವ ಸವೆತ ಒಬ್ಬ ರೈತನ ಕೊಟ್ಟಿಗೆಯಲ್ಲಿ ನೂರು ವರ್ಷಕ್ಕೂ ಆಗದು. ದನಿಯ ಪರೀಕ್ಷೆಯೂ ಅಷ್ಟೆ. ಮೆತುಕಬ್ಬಿಣದ ಒಡಲಿಗೆ ಉಕ್ಕಿನ ಮುಖ ಬೆಸೆದ ಒಳ್ಳೆಯ ಅಡೆಗಲ್ಲು ಗಂಟೆಯಂತೆ ನುಡಿಯುತ್ತದೆ, ನಿಜ. ಆದರೆ ಫಿಷರ್‌ನವರದು ಎರಕದ ಕಬ್ಬಿಣದ ಒಡಲು. ಮುಖ ಉಕ್ಕಿನದಾದರೂ ಬಡಿದರೆ ಮೊದ್ದಾಗಿ ಸದ್ದು ಮಾಡುತ್ತದೆ. ದನಿ ಕೇಳಿ ಒಡೆದದ್ದೆಂದು ತಳ್ಳಿಹಾಕುವಂತಿಲ್ಲ.

ಇನ್ನು ಬರಹವನ್ನು ಓದುವ ಬಗೆ. ತಂತಿಯ ಕುಂಚದಿಂದ ಕೈಯಲ್ಲೇ ಮೆಲ್ಲಗೆ ತುಕ್ಕು ಬಿಡಿಸಿ, ಸೀಮೆಸುಣ್ಣವನ್ನು ಉಜ್ಜಿ, ದೀಪವನ್ನು ಪಕ್ಕದಿಂದ ಹಿಡಿದರೆ ಬರಿಗಣ್ಣಿಗೆ ಕಾಣದ ಗೆರೆಗಳು ನೆರಳಾಗಿ ಏಳುತ್ತವೆ. ತೆಳುಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಪಡಿಯಚ್ಚೂ ದೊರೆಯುತ್ತದೆ. ಯಂತ್ರದ ಸಾಣೆ ಹಿಡಿದು ಪಕ್ಕವನ್ನು ಥಳಥಳ ಹೊಳೆಯಿಸುವವರಿದ್ದಾರೆ. ಹಾಗೆ ಹೊಳೆದ ಅಡೆಗಲ್ಲು ತನ್ನ ಹುಟ್ಟೂರನ್ನು ಮತ್ತೆಂದೂ ಹೇಳಲಾರದು.

ಬರಹ ಅರ್ಧ ಅಳಿದಿದ್ದರೆ ತಕ್ಕಡಿಯೇ ನೆರವಿಗೆ ಬರುತ್ತದೆ. ಮೊದಲಿನ 1 ಉಳಿದಿದೆ, ಕೊನೆಯ 8 ಉಳಿದಿದೆ, ನಡುವಿನದು ತುಕ್ಕು ತಿಂದಿದೆ ಎನ್ನೋಣ. ಎರಡನ್ನೂ ಕೂಡಿದರೆ 120 ಪೌಂಡು. ತೂಗಿ ನೋಡಿದಾಗ 202 ಬಂತು. ನಡುವೆ ಎರಡಿದ್ದಿದ್ದರೆ 176 ಆಗಬೇಕಿತ್ತು. ಸವೆದ ಕಬ್ಬಿಣ ಹುಟ್ಟುತೂಕಕ್ಕಿಂತ ಹೆಚ್ಚು ತೂಗುವುದಿಲ್ಲ. ಮೂರಾದರೆ 204. ಎರಡು ಪೌಂಡು ಸುತ್ತಿಗೆಯ ಪೆಟ್ಟಿಗೆ ಹೋಗಿದೆ. ಅಳಿದ ಅಂಕಿ ಮೂರು.