ಪರರ ನೆಲದಲ್ಲಿ ಕಟ್ಟುವವರು

ವಿಂಡೋಸ್ 95 ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಪರೀಕ್ಷೆಯ ಹಂತದಲ್ಲಿ ಮೈಕ್ರೋಸಾಫ್ಟ್ ಎಂಜಿನಿಯರುಗಳಿಗೆ ಒಂದು ತೊಡಕು ಎದುರಾಯಿತು. ಆ ಕಾಲದ ಬಲು ಜನಪ್ರಿಯ ಆಟ ಸಿಮ್‌ಸಿಟಿ ಹೊಸ ವ್ಯವಸ್ಥೆಯಲ್ಲಿ ಕುಸಿದುಬೀಳುತ್ತಿತ್ತು. ತಪ್ಪು ಆಟದ್ದೇ. ತಾನು ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಓದುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಆ ಜಾಗ ಕೂಡಲೇ ಬೇರೊಂದು ಪ್ರೋಗ್ರಾಮಿನ ಪಾಲಾಗುತ್ತಿರಲಿಲ್ಲ, ಹಾಗಾಗಿ ದೋಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಂಜಿನಿಯರುಗಳು ಆಟದ ಕಂಪನಿಯತ್ತ ಬೆರಳು ತೋರಿಸಿ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡದೆ ಆಟವನ್ನು ಬಿಚ್ಚಿ ನೋಡಿ ದೋಷ ಹುಡುಕಿದರು. ಓಡುತ್ತಿರುವುದು ಸಿಮ್‌ಸಿಟಿ ಎಂದು ಗೊತ್ತಾದರೆ ಬಿಟ್ಟ ಮೆಮೊರಿಯನ್ನು ತಕ್ಷಣ ಬೇರೆಯವರಿಗೆ ಕೊಡದಂತೆ ವಿಂಡೋಸ್‌ನೊಳಗೇ ಏರ್ಪಾಡು ಮಾಡಿದರು. ಈ ಪ್ರಸಂಗವನ್ನು ಸಾಫ್ಟ್‌ವೇರ್ ಕುರಿತ ಬರಹಗಾರ ಜೋಯೆಲ್ ಸ್ಪೋಲ್ಸ್ಕಿ 2004ರ ತಮ್ಮ ಪ್ರಬಂಧವೊಂದರಲ್ಲಿ ದಾಖಲಿಸಿದ್ದಾರೆ.

ತಂತ್ರಜ್ಞಾನ ಕಂಪನಿಗಳು ತಮ್ಮ ಸಂಬಳದ ಪಟ್ಟಿಯಲ್ಲಿಲ್ಲದ ಪ್ರೋಗ್ರಾಮರುಗಳನ್ನು ಒಲಿಸಿಕೊಳ್ಳಲು ದಶಕಗಳಿಂದ ನಾನಾ ದಾರಿ ಹಿಡಿದಿವೆ. ಸಮಾವೇಶ, ಉಚಿತ ಸಲಕರಣೆ, ಹ್ಯಾಕಥಾನ್, ಬಹುಮಾನ, ಬಿರುದು, ಟೀ ಶರ್ಟು ಎಲ್ಲವೂ ಆಗಿವೆ. ಇಂದು ಇದು ‘ಡೆವ್‌ರೆಲ್’ ಎಂಬ ಹೆಸರಿನ ಪ್ರತ್ಯೇಕ ಉದ್ಯೋಗವೇ ಆಗಿದೆ. ಆದರೆ ಈ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಖಚಿತವಾದದ್ದು ಒಂದೇ: ಪರರ ನೆಲದಲ್ಲಿ ಮನೆ ಕಟ್ಟುವವನಿಗೆ ಗೃಹಪ್ರವೇಶದ ಊಟಕ್ಕಿಂತ ನೆಲದ ಕರಾರು ಮುಖ್ಯ. ಕಂಪನಿ ಡೆವಲಪರ್‌ನನ್ನು ಎಷ್ಟು ಗೌರವಿಸುತ್ತದೆ ಎಂಬುದು ಅದು ಯಾವುದನ್ನು ಮುರಿಯದೆ ಉಳಿಸಿಕೊಂಡಿದೆ ಎಂಬುದರಲ್ಲಿ ಕಾಣುತ್ತದೆ.

ಆರಂಭದಲ್ಲಿ ಕಂಪನಿ ಯಾರನ್ನೂ ಒಲಿಸಬೇಕಾಗಿರಲಿಲ್ಲ. ಗಿರಾಕಿಗಳೇ ಒಟ್ಟುಗೂಡಿ ಕಂಪನಿಯ ಬಾಗಿಲಿಗೆ ಬಂದರು. 1955ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತಲ ವಿಮಾನ ತಯಾರಿಕಾ ಸಂಸ್ಥೆಗಳು ಮತ್ತು ರ‍್ಯಾಂಡ್ ಸಂಸ್ಥೆಯವರು ಐಬಿಎಂ 701 ಯಂತ್ರದಿಂದ 704ಕ್ಕೆ ಹೋಗುವ ಹೊತ್ತಿನಲ್ಲಿ ‘ಷೇರ್’ ಎಂಬ ಕೂಟ ಕಟ್ಟಿಕೊಂಡರು. ಎಲ್ಲರೂ ಅದದೇ ಪ್ರೋಗ್ರಾಮುಗಳನ್ನು ಪ್ರತ್ಯೇಕವಾಗಿ ಬರೆದುಕೊಂಡು ಹಣ, ಸಮಯ ಎರಡನ್ನೂ ಕಳೆಯುತ್ತಿದ್ದರು. ಬರೆದದ್ದನ್ನು ಹಂಚಿಕೊಳ್ಳೋಣ, ಐಬಿಎಂಗೆ ಹೇಳಬೇಕಾದ್ದನ್ನು ಒಂದೇ ದನಿಯಲ್ಲಿ ಹೇಳೋಣ ಎಂಬುದು ಅವರ ನಿಲುವು. ಐಬಿಎಂ ಕಿವಿಗೊಟ್ಟಿತು. ಮುಂದೆ 709 ಯಂತ್ರಕ್ಕೆ ಬಂದ ಆಪರೇಟಿಂಗ್ ಸಿಸ್ಟಂ ಈ ಕೂಟದ ಹೆಸರನ್ನೇ ಹೊತ್ತಿತ್ತು. 1961ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಬಳಕೆದಾರರೂ ‘ಡೆಕಸ್’ ಕಟ್ಟಿಕೊಂಡರು. ಸಾಫ್ಟ್‌ವೇರ್ ಆಗ ಯಂತ್ರದ ಜೊತೆಗೇ ಬರುತ್ತಿತ್ತು, ಅದಕ್ಕೆ ಬೇರೆ ಬೆಲೆ ಇರಲಿಲ್ಲ. 1969ರ ಜೂನ್‌ನಲ್ಲಿ ಐಬಿಎಂ ಎರಡನ್ನೂ ಬೇರ್ಪಡಿಸಿ ಮಾರುವುದಾಗಿ ಘೋಷಿಸಿತು. ಸಾಫ್ಟ್‌ವೇರನ್ನೇ ಬರೆದು ಬದುಕುವ ಹೊರಗಿನವನಿಗೆ ಮಾರುಕಟ್ಟೆಯ ಬಾಗಿಲು ಅಗಲವಾಗಿ ತೆರೆದದ್ದು ಆಮೇಲೆ.

ಹೊರಗಿನವನ ಬಲ ಎಷ್ಟೆಂದು ಮನವರಿಕೆ ಮಾಡಿಕೊಟ್ಟದ್ದು ಆಪಲ್ II. ಅದರ ಮೊದಲ ಕೈಪಿಡಿಯಲ್ಲಿ ಸರ್ಕ್ಯೂಟಿನ ನಕ್ಷೆಯೂ ಇತ್ತು, ಯಂತ್ರದ ಕಾಯಂ ಮೆಮೊರಿಯಲ್ಲಿ ಕೂತಿದ್ದ ಮೂಲ ಪ್ರೋಗ್ರಾಮಿನ ಪಟ್ಟಿಯೂ ಇತ್ತು. ಯಂತ್ರದೊಳಗೆ ಏನಿದೆ ಎಂಬುದು ಕೊಂಡವರಿಗೆಲ್ಲ ಗೊತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಇದರ ಮೇಲೆ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕಪತ್ರದ ಪ್ರೋಗ್ರಾಮ್ ತಂದರು. ಅದೊಂದಕ್ಕಾಗಿಯೇ ಜನ ಅಂಗಡಿಗೆ ಬಂದು ಆಪಲ್ ಯಂತ್ರ ಕೊಂಡರು. ಇಬ್ಬರೂ ಆಪಲ್‌ನ ನೌಕರರಲ್ಲ.

ಮ್ಯಾಕಿಂತೋಷ್ ತಯಾರಾಗುವ ಹೊತ್ತಿಗೆ ಈ ಪಾಠ ಆಪಲ್‌ಗೆ ಚೆನ್ನಾಗಿ ಮನದಟ್ಟಾಗಿತ್ತು. ಮೈಕ್ ಬೋಯ್ಚ್ ಅಲ್ಲಿಯ ಮೊದಲ ಸಾಫ್ಟ್‌ವೇರ್ ಇವಾಂಜೆಲಿಸ್ಟ್ ಆದರು. 1983ರಲ್ಲಿ ತಮ್ಮ ಕಾಲೇಜು ಗೆಳೆಯ ಗೈ ಕವಾಸಾಕಿಯನ್ನು ಕರೆತಂದರು. ಕವಾಸಾಕಿ ಓದಿದ್ದು ಮನಶ್ಶಾಸ್ತ್ರ, ಮೊದಲು ಕೆಲಸ ಮಾಡಿದ್ದು ಆಭರಣದ ಕಂಪನಿಯಲ್ಲಿ. ಅವರ ಕೈಗೆ ಬಂದ ಕೆಲಸ ಸುಲಭದ್ದಾಗಿರಲಿಲ್ಲ. ಯಂತ್ರ ಇನ್ನೂ ಮಾರುಕಟ್ಟೆಯಲ್ಲಿಲ್ಲ. ಅದರ ಮೆಮೊರಿ ಬರೀ 128 ಕಿಲೋಬೈಟ್. ಅದಕ್ಕೆ ಪ್ರೋಗ್ರಾಮ್ ಬರೆಯಬೇಕೆಂದರೆ ಆಪಲ್‌ನದೇ ಇನ್ನೊಂದು ದುಬಾರಿ ಯಂತ್ರ ‘ಲಿಸಾ’ ಬೇಕು. ಇಷ್ಟೆಲ್ಲ ಇದ್ದೂ ಅವರು ಕಂಪನಿಯಿಂದ ಕಂಪನಿಗೆ ಅಲೆದು, ಚಿಕ್ಕ ಸಾಫ್ಟ್‌ವೇರ್ ಸಂಸ್ಥೆಗಳ ಮುಂದೆ ಕುಳಿತು, ಬರೆಯಿರಿ ಎಂದು ಮನವೊಲಿಸಿದರು. ಉತ್ಸಾಹವನ್ನೇ ಬಂಡವಾಳ ಮಾಡಿಕೊಂಡ ಈ ಬಗೆಯ ಕೆಲಸಕ್ಕೆ ಇವರೇ ಅಡಿಪಾಯ ಹಾಕಿದವರು. ಫಲ ಬಂದದ್ದು 1985ರಲ್ಲಿ. ಸಿಯಾಟಲ್‌ನ ಪಾಲ್ ಬ್ರೈನರ್ಡ್ ಅವರ ‘ಆಲ್ಡಸ್’ ಸಂಸ್ಥೆ ಪೇಜ್‌ಮೇಕರ್ ತಂದಿತು. ಲೇಸರ್ ಪ್ರಿಂಟರಿನ ಜೊತೆ ಸೇರಿ ಅದು ಮುದ್ರಣದ ಜಗತ್ತನ್ನೇ ಬದಲಿಸಿತು, ಸೊರಗುತ್ತಿದ್ದ ಮ್ಯಾಕಿಂತೋಷ್‌ಗೆ ಜೀವ ಕೊಟ್ಟಿತು. ಮುಂದೆ ವಿಂಡೋಸ್‌ಗೂ ಬಂದ ಇದೇ ಪೇಜ್‌ಮೇಕರ್‌ನಲ್ಲಿ ಕರ್ನಾಟಕದ ಡಿಟಿಪಿ ಅಂಗಡಿಗಳು ವರ್ಷಗಟ್ಟಲೆ ಕನ್ನಡ ಪುಸ್ತಕಗಳನ್ನು, ಮದುವೆಯ ಕರೆಯೋಲೆಗಳನ್ನು ಜೋಡಿಸಿದವು.

ಆಪಲ್‌ನ ದಾರಿ ಮನವೊಲಿಕೆಯದು, ಮೈಕ್ರೋಸಾಫ್ಟ್‌ನ ದಾರಿ ಸಾಂಸ್ಥಿಕ ಶಿಸ್ತಿನದು. 1991ರಲ್ಲಿ ಪ್ರೋಗ್ರಾಮ್ ಬರೆಯುವ ಸಲಕರಣೆ ವಿಷುವಲ್ ಬೇಸಿಕ್ ಬಂತು. 1992ರಲ್ಲಿ ಎಂಎಸ್‌ಡಿಎನ್ ಶುರುವಾಯಿತು. ಚಂದಾ ಕಟ್ಟಿದವರ ಮನೆಗೆ ದಾಖಲೆಗಳು, ಮಾದರಿ ಪ್ರೋಗ್ರಾಮುಗಳು ತುಂಬಿದ ಸಿಡಿಗಳು ಬರುತ್ತಿದ್ದವು. ಇಂಟರ್ನೆಟ್ ಇನ್ನೂ ಮನೆಮನೆಗೆ ಬಾರದ ಆ ದಿನಗಳಲ್ಲಿ ಇದು ದೊಡ್ಡ ಉಪಕಾರ. ಸಿಮ್‌ಸಿಟಿಗಾಗಿ ಮಾಡಿದ ರಿಪೇರಿಯೂ ಇದೇ ಮನೋಧರ್ಮದ ಫಲ. ಹಳೆಯ ಪ್ರೋಗ್ರಾಮ್ ಓಡದಿದ್ದರೆ ಗಿರಾಕಿ ದೂರುವುದು ಹೊಸ ವಿಂಡೋಸನ್ನೇ ಎಂದು ಅವರಿಗೆ ಗೊತ್ತಿತ್ತು.

ಈ ಸ್ನೇಹಕ್ಕೆ ಇನ್ನೊಂದು ಮುಖವೂ ಇತ್ತು. ಅಮೆರಿಕ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಮರುವರ್ಷದ ನವೆಂಬರ್‌ನಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ ವಿಚಾರಣೆಯಲ್ಲಿ ಕಂಡುಕೊಂಡ ಸಂಗತಿಗಳನ್ನು ಬರೆದಿಟ್ಟರು. ವಿಂಡೋಸ್‌ಗೆ 70,000ಕ್ಕೂ ಹೆಚ್ಚು ಪ್ರೋಗ್ರಾಮುಗಳಿದ್ದರೆ, ಐಬಿಎಂನ ಓಎಸ್/2 ತನ್ನ ಉಚ್ಛ್ರಾಯದಲ್ಲೂ ಸುಮಾರು 2,500ರಲ್ಲೇ ನಿಂತಿತ್ತು. ಬಳಕೆದಾರರು ಪ್ರೋಗ್ರಾಮುಗಳಿರುವ ಕಡೆ ಹೋಗುತ್ತಾರೆ, ಪ್ರೋಗ್ರಾಮರುಗಳು ಬಳಕೆದಾರರಿರುವ ಕಡೆ ಹೋಗುತ್ತಾರೆ. ಈ ಸುತ್ತಿನೊಳಗೆ ಹೊಸಬರು ಕಾಲಿಡುವುದೇ ಕಷ್ಟ. ಡೆವಲಪರುಗಳ ಜೊತೆಗಿನ ನಂಟು ಸ್ಪರ್ಧಿಗಳನ್ನು ಹೊರಗಿಡುವ ಗೋಡೆಯೂ ಆಗಬಲ್ಲದು ಎಂಬುದನ್ನು ನ್ಯಾಯಾಲಯವೊಂದು ಇಷ್ಟು ಸ್ಪಷ್ಟವಾಗಿ ಗುರುತಿಸಿದ್ದು ಮಹತ್ವದ ಸಂಗತಿ. ಈ ಕ್ಷೇತ್ರವನ್ನು ಅರಿಯಲು ಬಯಸುವವರು ಸಮಾವೇಶದ ಭಾಷಣಗಳಿಗಿಂತ ಮೊದಲು ಓದಬೇಕಾದ ಬರಹ ಅದು.

ಕನ್ನಡಿಗರಿಗೆ ಇದೇ ಕಾಲದ ನೆನಪು ಬೇರೆ ತೆರನದು. ವಿಂಡೋಸ್‌ನಲ್ಲಿ ಕನ್ನಡ ಬರೆಯಲು ಮೈಕ್ರೋಸಾಫ್ಟ್‌ನ ಏರ್ಪಾಡು ಇಲ್ಲದಿದ್ದಾಗ, ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ತಂದರು. ಮೈಕ್ರೋಸಾಫ್ಟ್‌ನ ಕನ್ನಡ ಫಾಂಟು ‘ತುಂಗಾ’ ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದದ್ದು 2001ರಲ್ಲಿ. ನಡುವಿನ ವರ್ಷಗಳಲ್ಲಿ ಕೋಟ್ಯಂತರ ಜನರ ಭಾಷೆಯನ್ನು ಆ ವೇದಿಕೆಯ ಮೇಲೆ ನಿಲ್ಲಿಸಿದ್ದು ಹೊರಗಿನವರ ದುಡಿಮೆ. ದೊಡ್ಡ ಕಂಪನಿಗೆ ಲೆಕ್ಕಕ್ಕೆ ಬಾರದ ಅಗತ್ಯವನ್ನು ಹೊರಗಿನ ಡೆವಲಪರ್ ಕಾಣುತ್ತಾನೆ. ಅವನಿಗೆ ಬಾಗಿಲು ತೆರೆದಿರಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ವೆಬ್ ಬಂದಮೇಲೆ ನೆಲದ ಸ್ವರೂಪವೇ ಬದಲಾಯಿತು. ಪ್ರೋಗ್ರಾಮ್ ಓಡುವುದು ಗಿರಾಕಿಯ ಯಂತ್ರದಲ್ಲಲ್ಲ, ಕಂಪನಿಯ ಸರ್ವರಿನಲ್ಲಿ. ಹೊರಗಿನವನಿಗೆ ಸಿಗುವುದು ಎಪಿಐ ಎಂಬ ಕಿಟಕಿ ಮಾತ್ರ. ಕೆಲವೊಮ್ಮೆ ಆ ಕಿಟಕಿಯನ್ನು ಹೊರಗಿನವನೇ ಕೊರೆದದ್ದೂ ಉಂಟು. 2005ರ ಫೆಬ್ರುವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಅದಕ್ಕೆ ಎಪಿಐ ಇರಲಿಲ್ಲ. ಡ್ರೀಮ್‌ವರ್ಕ್ಸ್‌ನಲ್ಲಿ ಕೆಲಸದಲ್ಲಿದ್ದ ಪಾಲ್ ರಾಡೆಮಾಕರ್ ಅದರ ಒಳಗುಟ್ಟು ಬಿಡಿಸಿ, ಕ್ರೇಗ್ಸ್‌ಲಿಸ್ಟ್‌ನ ಬಾಡಿಗೆ ಮನೆಗಳ ಜಾಹೀರಾತುಗಳನ್ನು ನಕ್ಷೆಯ ಮೇಲೆ ಕೂರಿಸಿದರು. ಗೂಗಲ್ ನೋಟಿಸು ಕಳಿಸಲಿಲ್ಲ. ಜೂನ್‌ನಲ್ಲಿ ಎಲ್ಲರಿಗೂ ಎಪಿಐ ತೆರೆಯಿತು, ಆಮೇಲೆ ರಾಡೆಮಾಕರ್‌ಗೆ ಕೆಲಸವನ್ನೂ ಕೊಟ್ಟಿತು.

ಎಲ್ಲ ಕಿಟಕಿಗಳೂ ಹೀಗೆ ಒಳ್ಳೆಯದನ್ನೇ ತರಲಿಲ್ಲ. ಫೇಸ್‌ಬುಕ್ 2007ರ ಮೇ ತಿಂಗಳಲ್ಲಿ ತನ್ನ ವೇದಿಕೆಯನ್ನು ಹೊರಗಿನವರಿಗೆ ತೆರೆದಾಗ ಕೊಟ್ಟ ಸ್ವಾತಂತ್ರ್ಯ ಅತಿಯಾಯಿತು. ಒಬ್ಬನ ಒಪ್ಪಿಗೆಯಿಂದ ಅವನ ಗೆಳೆಯರ ಮಾಹಿತಿಯನ್ನೂ ಪಡೆಯಬಹುದಿತ್ತು. ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ 2018ರಲ್ಲಿ ಬಯಲಾದಾಗ, ಲಕ್ಷಗಳಲ್ಲಿ ಎಣಿಸಬಹುದಾದ ಜನ ಬಳಸಿದ ಒಂದು ಆಪ್‌ನಿಂದ 8.7 ಕೋಟಿ ಜನರ ಮಾಹಿತಿ ಸೋರಿರಬಹುದು ಎಂದು ಕಂಪನಿಯೇ ಹೇಳಬೇಕಾಯಿತು. ಡೆವಲಪರ್‌ಗೆ ಕೊಡುವ ಸಲುಗೆಯ ಬೆಲೆಯನ್ನು ಮಾತುಕತೆಯಲ್ಲಿ ಇಲ್ಲದ ಮೂರನೆಯವರು ತೆರುವ ಸಂದರ್ಭವೂ ಇದೆ. ಕಿಟಕಿ ಮುಚ್ಚುವುದೆಲ್ಲ ದ್ರೋಹವಲ್ಲ ಎಂದು ಇಲ್ಲಿ ಒಪ್ಪಲೇಬೇಕು.

ಟ್ವಿಟರ್‌ನದು ಬೇರೆ ಕಥೆ. ಅದರ ಹಕ್ಕಿಯ ಗುರುತನ್ನು, ‘ಟ್ವೀಟ್’ ಎಂಬ ಬಳಕೆಯನ್ನು ಮೊದಲು ತಂದದ್ದು ಹೊರಗಿನವರ ‘ಟ್ವಿಟರಿಫಿಕ್’ ಆಪ್. ಕಂಪನಿ ಬೆಳೆದಂತೆ ಹೊರಗಿನವರ ಆಪ್‌ಗಳು ಅದಕ್ಕೆ ಭಾರವಾಗತೊಡಗಿದವು. 2012ರಲ್ಲಿ ಹೊಸ ಆಪ್‌ಗಳಿಗೆ ಒಂದು ಲಕ್ಷ ಬಳಕೆದಾರರ ಮಿತಿ ಬಂತು. 2023ರ ಜನವರಿಯಲ್ಲಿ ಟ್ವಿಟರಿಫಿಕ್, ಟ್ವೀಟ್‌ಬಾಟ್ ಮೊದಲಾದವು ಒಮ್ಮೆಲೇ ನಿಂತುಹೋದವು. ಮೊದಲೇ ತಿಳಿಸುವ ಸೌಜನ್ಯವೂ ಇರಲಿಲ್ಲ. ಅದೇ ವರ್ಷ ರೆಡಿಟ್ ತನ್ನ ಎಪಿಐಗೆ 5 ಕೋಟಿ ವಿನಂತಿಗಳಿಗೆ 12,000 ಡಾಲರ್ ದರ ಇಟ್ಟಿತು. ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಹೊರೆ ಬೀಳುತ್ತದೆಂದು ರೆಡಿಟ್ ಓದಲು ಬಳಸುತ್ತಿದ್ದ ‘ಅಪೊಲೊ’ ಆಪ್‌ನ ಕ್ರಿಶ್ಚಿಯನ್ ಸೆಲಿಗ್ ಜೂನ್ 30ಕ್ಕೆ ಅಂಗಡಿ ಮುಚ್ಚಿದರು. ದರ ವಿಧಿಸುವ ಹಕ್ಕು ಕಂಪನಿಗೆ ಇದೆ. ಹೊಂದಿಕೊಳ್ಳಲು ಕೆಲವೇ ವಾರ ಕೊಟ್ಟದ್ದು ಮಾತ್ರ ಅನ್ಯಾಯ.

ಫೋನಿನ ಲೋಕದಲ್ಲಿ ಕರಾರು ಬರವಣಿಗೆಯಲ್ಲೇ ಇತ್ತು. 2008ರ ಜುಲೈನಲ್ಲಿ ಆಪಲ್‌ನ ಆಪ್ ಸ್ಟೋರ್ 500 ಆಪ್‌ಗಳೊಂದಿಗೆ ತೆರೆಯಿತು. ಮಾರಾಟದಲ್ಲಿ ಡೆವಲಪರ್‌ಗೆ ಶೇ 70, ಆಪಲ್‌ಗೆ ಶೇ 30. ಒಬ್ಬಂಟಿ ಡೆವಲಪರ್ ಜಗತ್ತಿಗೆಲ್ಲ ಮಾರಬಲ್ಲ ದಾರಿ ಅದು, ಆಗ ಎಲ್ಲರೂ ಸಂಭ್ರಮಿಸಿದರು. 2017ರಲ್ಲಿ ಆಪಲ್ ಬೆಂಗಳೂರಿನಲ್ಲಿ ಆಪ್ ಡೆವಲಪರುಗಳ ತರಬೇತಿಗೆಂದೇ ಕೇಂದ್ರ ತೆರೆಯಿತು. ಆದರೆ ಬೇರೆ ಬಾಗಿಲಿಲ್ಲದ ಮಾರುಕಟ್ಟೆಯಲ್ಲಿ ಸುಂಕವೇ ಜಗಳದ ಮೂಲವಾಯಿತು. ಭಾರತದಲ್ಲಿ ಈ ಜಗಳ ಹೆಚ್ಚಾಗಿ ಗೂಗಲ್ ಪ್ಲೇ ಸುತ್ತ ನಡೆದಿದೆ. 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಪ್ಲೇ ಸ್ಟೋರ್‌ನ ಪಾವತಿ ನಿಯಮಗಳಿಗಾಗಿ ಗೂಗಲ್‌ಗೆ ₹936.44 ಕೋಟಿ ದಂಡ ಹಾಕಿತು. ಮೇಲ್ಮನವಿಯಲ್ಲಿ, 2025ರ ಮಾರ್ಚ್‌ನಲ್ಲಿ, ಅದು ₹216.69 ಕೋಟಿಗೆ ಇಳಿಯಿತು. ನಡುವೆ, 2024ರ ಮಾರ್ಚ್ 1ರಂದು, ಶುಲ್ಕದ ತಕರಾರಿನಲ್ಲಿ ಭಾರತ್ ಮ್ಯಾಟ್ರಿಮೋನಿ, ನೌಕ್ರಿ, ಕುಕು ಎಫ್‌ಎಂ ಮುಂತಾದ ಆಪ್‌ಗಳನ್ನು ಗೂಗಲ್ ಅಂಗಡಿಯಿಂದಲೇ ತೆಗೆದಿತ್ತು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು.

ಇದಕ್ಕೆ ಸಮಾನಾಂತರವಾಗಿ ಬೆಳೆದ ಇನ್ನೊಂದು ಬಗೆಯ ಕಂಪನಿಗಳಿಗೆ ಡೆವಲಪರೇ ಗಿರಾಕಿ. 2008ರಲ್ಲಿ ಹುಟ್ಟಿದ ಟ್ವಿಲಿಯೊ ಫೋನು ಕರೆ, ಸಂದೇಶಗಳನ್ನು ಎಪಿಐ ಮೂಲಕ ಮಾರಿತು. ಪಾವತಿಯ ಕಂಪನಿ ಸ್ಟ್ರೈಪ್‌ನ ಕಾಲಿಸನ್ ಸಹೋದರರು ಆರಂಭದ ದಿನಗಳಲ್ಲಿ, ಬಳಸಿ ನೋಡುತ್ತೇನೆ ಎಂದವರ ಲ್ಯಾಪ್‌ಟಾಪನ್ನು ಅಲ್ಲೇ ಕೈಗೆ ತೆಗೆದುಕೊಂಡು ಜೋಡಿಸಿಕೊಡುತ್ತಿದ್ದರು. ಸ್ಟ್ರೈಪ್‌ನ ಡಾಕ್ಯುಮೆಂಟೇಶನ್ ಈ ಉದ್ಯಮಕ್ಕೆ ಮಾದರಿಯಾಯಿತು. ಓದಿದ ಹತ್ತು ನಿಮಿಷದಲ್ಲಿ ಏನಾದರೂ ಓಡಬೇಕು ಎನ್ನುವ ನಿರೀಕ್ಷೆ ಇಂಥ ಕಂಪನಿಗಳಿಂದ ಬಂದದ್ದು. ಎಪಿಐಗಳನ್ನು ಪರೀಕ್ಷಿಸುವ ‘ಪೋಸ್ಟ್‌ಮ್ಯಾನ್’ 2012ರಲ್ಲಿ ಅಭಿನವ್ ಅಸ್ಥಾನಾ ಅವರ ಬಿಡುವಿನ ಕೆಲಸವಾಗಿ ಶುರುವಾಗಿ, ಬೆಂಗಳೂರಿನಲ್ಲಿ ಕಂಪನಿಯಾಗಿ ಬೆಳೆದು, ಇಂದು ಜಗತ್ತಿನ ಕೋಟ್ಯಂತರ ಡೆವಲಪರುಗಳ ಕೈಯಲ್ಲಿದೆ.

ಕಂಪನಿಗಳ ಹಂಗಿಲ್ಲದ ಕೂಟಗಳ ಪರಂಪರೆಯೂ ಬೆಂಗಳೂರಿಗೆ ಇದೆ. ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಆರಂಭಿಸಿದ ‘ಲಿನಕ್ಸ್ ಬೆಂಗಳೂರು’, ಮುಂದೆ ಅದೇ ‘ಫಾಸ್.ಇನ್’ ಆಗಿ 2012ರವರೆಗೆ ನಡೆದದ್ದು, 2010ರಲ್ಲಿ ಶುರುವಾದ ‘ಹ್ಯಾಸ್‌ಗೀಕ್’ ನಡೆಸಿದ ಜೆಎಸ್‌ಫೂ, ಫಿಫ್ತ್ ಎಲಿಫೆಂಟ್ ಸಮ್ಮೇಳನಗಳು ಇದಕ್ಕೆ ಸಾಕ್ಷಿ. ಡೆವಲಪರುಗಳು ತಮ್ಮತಮ್ಮಲ್ಲೇ ಮಾತಾಡುವ ಇಂಥ ಜಾಗಗಳನ್ನು ಯಾವ ಕಂಪನಿಯ ಉತ್ಸವವೂ ತುಂಬಲಾರದು. ಷೇರ್ ಕೂಟದವರ ನಿಜವಾದ ವಾರಸುದಾರರು ಇವರೇ.

ಈಗಿನ ತಿರುವು ಕೃತಕ ಬುದ್ಧಿಮತ್ತೆಯದು. 2018ರಲ್ಲಿ ಮೈಕ್ರೋಸಾಫ್ಟ್ ಡೆವಲಪರುಗಳು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. 2021ರಲ್ಲಿ ಅಲ್ಲಿಂದ ಕೋಡ್ ಬರೆದುಕೊಡುವ ಕೋಪೈಲಟ್ ಬಂತು. ಡೆವಲಪರುಗಳು ಮುಕ್ತವಾಗಿ ಹಂಚಿಕೊಂಡ ಕೋಡ್‌ನಿಂದಲೇ ಕಲಿತ ಉಪಕರಣ ಅದು. ಹಂಚಿಕೊಂಡವರನ್ನು ಕೇಳಬೇಕಿತ್ತೇ ಎಂಬ ವಾದ ನ್ಯಾಯಾಲಯಕ್ಕೂ ಹೋಯಿತು. ಡಾಕ್ಯುಮೆಂಟೇಶನ್ ಓದುವವರಲ್ಲಿ ಈಗ ಮನುಷ್ಯರಷ್ಟೇ ಅಲ್ಲ, ಅವರ ಪರವಾಗಿ ಕೋಡ್ ಬರೆಯುವ ಯಂತ್ರಗಳೂ ಇವೆ.

ಹಳೆಯ ಕರಾರಿನ ಪ್ರಶ್ನೆ ಇಲ್ಲಿ ಇನ್ನೂ ಕಠಿಣವಾಗಿದೆ. ಲಿನಕ್ಸ್ ಕರ್ನಲ್‌ನಲ್ಲಿ ಬಳಕೆದಾರರ ಪ್ರೋಗ್ರಾಮನ್ನು ಮುರಿಯುವ ಬದಲಾವಣೆಯನ್ನು ಲೈನಸ್ ಟೊರ್ವಾಲ್ಡ್ಸ್ ಒಪ್ಪುವುದಿಲ್ಲ. ಭಾಷಾ ಮಾದರಿಗಳ ವಿಷಯದಲ್ಲಿ ಅಂಥ ವ್ರತ ಹಿಡಿಯುವುದು ದುಬಾರಿ, ಏಕೆಂದರೆ ಹಳೆಯ ಮಾದರಿಯನ್ನು ಓಡಿಸುತ್ತಲೇ ಇರಲು ಬೆಲೆಬಾಳುವ ಯಂತ್ರಗಳು ಬೇಕು. 2023ರ ಮಾರ್ಚ್‌ನಲ್ಲಿ ಓಪನ್‌ಎಐ ಕೋಡ್ ಬರೆಯುವ ತನ್ನ ಕೋಡೆಕ್ಸ್ ಮಾದರಿಗಳನ್ನು ನಿಲ್ಲಿಸುವುದಾಗಿ ತಿಳಿಸಿ ಕೊಟ್ಟ ಗಡುವು ಕೆಲವೇ ದಿನಗಳದ್ದು. ಆ ಮಾದರಿಗಳನ್ನು ನೆಚ್ಚಿ ಪ್ರಬಂಧ ಬರೆದಿದ್ದ ಸಂಶೋಧಕರು ತಮ್ಮ ಪ್ರಯೋಗಗಳನ್ನು ಇನ್ನು ಯಾರೂ ಮತ್ತೆ ಮಾಡಿ ನೋಡಲಾರರು ಎಂದು ದನಿಯೆತ್ತಿದರು. ಕಂಪನಿ ಮಣಿದು, ಸಂಶೋಧಕರಿಗೆಂದು ಬಾಗಿಲನ್ನು ಅಷ್ಟರಮಟ್ಟಿಗೆ ತೆರೆದಿಟ್ಟಿತು.