ತಲೆಗೆ ಕಾಯ್ದೆ, ಮೊಣಕಾಲಿಗೆ ವಿವೇಕ

ಕುಕನೂರಿನಿಂದ ಯಲಬುರ್ಗಾ, ಕೊಪ್ಪಳದ ಕಡೆಗೆ ಸಂತೆಗೆ, ಕಚೇರಿಗೆ ಹೋಗುವ ಬಹಳ ಮಂದಿಗೆ ಬೈಕೇ ವಾಹನ. ಅವರು ಧರಿಸುವ ಹೆಲ್ಮೆಟ್ಟಿಗೊಂದು ಚರಿತ್ರೆಯಿದೆ. 1935ರಲ್ಲಿ ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಲ್ಲೊಬ್ಬರಾದ ಹ್ಯೂ ಕೇರ್ನ್ಸ್ 1941ರಲ್ಲಿ ಸವಾರರ ತಲೆಪೆಟ್ಟಿನ ಅಧ್ಯಯನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಇದನ್ನೇ ಹೇಳುತ್ತದೆ.

ಮೊಣಕಾಲಿನ ಸರದಿ ತಡವಾಗಿ ಬಂತು. ಮೊಣಕಾಲು, ಮೊಣಕೈ, ಭುಜಗಳ ಕವಚಕ್ಕೆ ಯುರೋಪಿನಲ್ಲಿ ಇಎನ್ 1621-1 ಎಂಬ ಮಾನದಂಡ ಬಂದದ್ದು 1997ರಲ್ಲಿ. 2012ರ ಪರಿಷ್ಕರಣೆಯಂತೆ ಎರಡನೆಯ ದರ್ಜೆಯ ಕವಚ ಪೆಟ್ಟನ್ನು ಹೆಚ್ಚು ತಡೆಯಬೇಕು. ನಮ್ಮ ಕಾಯ್ದೆಯಲ್ಲಿ ಮೊಣಕಾಲಿನ ಮಾತಿಲ್ಲ, ಆಯ್ಕೆ ಸವಾರನದೇ.

ಅಂಗಡಿಯಲ್ಲಿ ನಿಂತು ಹಾಕಿ ನೋಡಿದರೆ ಸಾಲದು. ಬೈಕಿನ ಮೇಲೆ ಕುಳಿತು ಕಾಲು ಮಡಿಸಿದಾಗಲೂ ಕವಚವು ಮೊಣಕಾಲ ಚಿಪ್ಪಿನ ಮೇಲೇ ಇರಬೇಕು. ಎಳೆದರೆ ಜಾರಬಾರದು, ಪಟ್ಟಿ ಬಿಗಿದು ಕಾಲು ಜೋಮು ಹಿಡಿಯಬಾರದು. ನಮ್ಮ ಬಿಸಿಲಿಗೆ ಗಾಳಿಯಾಡುವ ಜಾಲರಿ ಬಟ್ಟೆಯೇ ಲೇಸು. ಸೆಕೆಯೆಂದು ಮನೆಯಲ್ಲಿ ಬಿಟ್ಟ ಕವಚ ಯಾರನ್ನೂ ಕಾಯದು. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವ ರೈತನಿಗೆ ಮೊಣಕಾಲೇ ಅನ್ನ.